ಪರೀಕ್ಷಾ ಯಂತ್ರದೊಳಗೆ ಹಿರಿಯ ತಂತ್ರಾಂಶವನ್ನು ಕೂತಲ್ಲಿಂದ ಎಬ್ಬಿಸಬಾರದೆಂಬ ಬಗ್ಗೆ

ಇಲಾಖಾ ಕಚೇರಿ, ನರಿನ್ ಪಟ್ಟಣ
ಸಂಖ್ಯೆ: ಗಣಕ/ಕಂಟೇ/ಮರ್ಯಾದೆ/೧೭

ವಿಷಯ: ಕಲ್ಪಿತ ಯಂತ್ರದಲ್ಲಿ ಕಂಟೇನರ್‌ಗಳ ಆಸನ ವ್ಯವಸ್ಥೆ.
ಉಲ್ಲೇಖ: ಉಪನಿರ್ದೇಶಕ ಎಸೆನ್‌ಕುಲ್ ಬೈಕೆ (ಅಂದರೆ ಅಣ್ಣ) ಅವರ ಮೌಖಿಕ ಬೇಸರ.

ಶಿಶುವಿಹಾರದ ಸೀಟು ಹಂಚುವ ಹೊಸ ತಂತ್ರಾಂಶವನ್ನು ಪರೀಕ್ಷಿಸಲು, ಕಚೇರಿಯ ಕಂಪ್ಯೂಟರಿನೊಳಗೆ ಮತ್ತೊಂದು ಕಲ್ಪಿತ ಯಂತ್ರವನ್ನು ಎಂಜಿನಿಯರ್ ಗುಲ್ಬುರಾ ಅವರು ಸ್ಥಾಪಿಸಿರುತ್ತಾರೆ. ಅದರಲ್ಲಿ ಪ್ರತಿ ತಂತ್ರಾಂಶಕ್ಕೂ ಕಂಟೇನರ್ ಎಂಬ ಒಂದೊಂದು ಪ್ರತ್ಯೇಕ ಡಬ್ಬಿ. ಕೆಟ್ಟು ನಿಂತು ಬಿದ್ದದ್ದನ್ನು ಎಬ್ಬಿಸಲು, ಮೆಮೊರಿ ಸಾಲದಾದಾಗ ಯಾವುದನ್ನಾದರೂ ಹೊರಡಿಸಲು ಒಂದು ನಿರ್ವಾಹಕ ತಂತ್ರಾಂಶ. ಸದರಿ ನಿರ್ವಾಹಕವು, ಉಪನಿರ್ದೇಶಕರು ಬಹುಕಾಲದ ಹಿಂದೆ ಬರೆಸಿದ ‘ನೂರುಜ್ ಹಬ್ಬದ ಶುಭಾಶಯ’ ತಂತ್ರಾಂಶವನ್ನು ರಾಜಧಾನಿ ಬಿಷ್ಕೆಕ್‌ನಿಂದ ಬಂದ ಅತಿಥಿಗಳ ಎದುರಿಗೇ ಹೊರಹಾಕಿರುವುದು ವಿಷಾದದಿಂದ ಗಮನಿಸಲ್ಪಟ್ಟಿದೆ.

“ಮಗಳೇ, ಬಂದು ಕೂತವರನ್ನ ಎಬ್ಬಿಸಿ ಕಳಿಸ್ತೀಯಲ್ಲ, ನಿಮ್ಮನೇಲಿ ಇದನ್ನೇ ಕಲಿಸಿದ್ದಾ?” ಎಂದು ಉಪನಿರ್ದೇಶಕರು ವಿಚಾರಿಸಿದ್ದು, “ಬೈಕೆ, ಅದು ವರ್ಷಕ್ಕೊಂದು ದಿನ ಹಾಡುತ್ತೆ, ಮುಕ್ಕಾಲು ಮೆಮೊರಿ ತಿನ್ನುತ್ತೆ. ಹಬ್ಬದೊಳಗೆ ಹಂಚದಿದ್ರೆ ಸೀಟೆಲ್ಲ ರದ್ದು. ಹೊರಗೆ ಹಿಮದಲ್ಲಿ ತಾಯಂದಿರು ನಿಂತಿದಾರೆ, ನೋಡಿ” ಎಂದು ಗುಲ್ಬುರಾ ಅವರು ಎದುರುತ್ತರ ನೀಡಿದ್ದು ಕಡತದಲ್ಲಿದೆ. ಆದ್ದರಿಂದ ಸಂಬಂಧಪಟ್ಟವರೆಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳಲು ಆದೇಶಿಸಲಾಗಿದೆ.

೧. ಕಂಟೇನರ್‌ಗಳು ವಯಸ್ಸಿನ ಪ್ರಕಾರ ಕೂರತಕ್ಕದ್ದು. ಅತಿ ಹಿರಿಯದು ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ, ಅತಿ ಕಿರಿಯದು ಬೂಟು ಬಿಡುವ ಕಡೆ. ಯಂತ್ರದೊಳಗೆ ಬಾಗಿಲು ಎಲ್ಲಿದೆ ಎಂಬುದನ್ನು ಗುಲ್ಬುರಾ ಅವರು ನಕ್ಷೆಯೊಂದಿಗೆ ತಿಳಿಸತಕ್ಕದ್ದು.

೨. ಔತಣದಲ್ಲಿ ಬಡಿಸುವ ಕುರಿಯ ತಲೆಯಂತೆ ಮೆಮೊರಿಯನ್ನೂ ಮೊದಲು ಹಿರಿಯದರ ಮುಂದಿಡತಕ್ಕದ್ದು. ಅದು ಸಾಕು ಎನ್ನುವವರೆಗೆ ಕಿರಿಯವು ಕೈ ಹಾಕುವಂತಿಲ್ಲ. ಅತಿ ಹಿರಿಯದಾದ ಶುಭಾಶಯ ತಂತ್ರಾಂಶಕ್ಕೆ ಸಾಕು ಎನ್ನಲು ಬರುವುದೇ ಇಲ್ಲವೆಂಬ ಆಕ್ಷೇಪಣೆಯನ್ನು ಪರಿಶೀಲಿಸಿ, ಅದು ಹಿರಿತನದ ಲಕ್ಷಣವೆಂದು ತೀರ್ಮಾನಿಸಲಾಗಿದೆ.

೩. ಚಹಾ ಕೊಡದೆ ಯಾವ ಕಂಟೇನರನ್ನೂ ಹೊರಡಿಸುವಂತಿಲ್ಲ. ಚಹಾ ಮತ್ತು ಹಿಟ್ಟು ಕರಿದ ಬಿಸಿ ಬೋರ್ಸೋಕನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು, ಮರ್ಯಾದೆಗೆ ಸಾಲುವಷ್ಟು ಹೊತ್ತು ಕಾದು, ನಂತರ ಸಿಬ್ಬಂದಿ ತಿನ್ನಬಹುದು. ಕೀಲಿಮಣೆಯ ಮೇಲೆ ಚೆಲ್ಲಿದ್ದನ್ನು ಅತಿಥಿ ಕುಡಿದಂತೆ ಪರಿಗಣಿಸಲಾಗುವುದು.

೪. ನಿರ್ವಾಹಕ ತಂತ್ರಾಂಶವು ಇಲಾಖೆಗೆ ಹೊಸದಾದ ಕಾರಣ, ಬಿದ್ದದ್ದನ್ನು ಎಬ್ಬಿಸುವ ಮುನ್ನ ಉಪನಿರ್ದೇಶಕರ ಒಪ್ಪಿಗೆ ಪಡೆಯತಕ್ಕದ್ದು. ಅವರು ಊಟಕ್ಕೆ ಹೋಗಿರುವಾಗ ಯಾವ ತಂತ್ರಾಂಶವೂ ಬೀಳುವಂತಿಲ್ಲ.

೫. ಮೇಲಿನ ಕ್ರಮಗಳು ಮೌಖಿಕವಾಗಿ ಜಾರಿಯಾದಂದಿನಿಂದ ಯಂತ್ರದಲ್ಲಿ ಶಾಂತಿ ನೆಲೆಸಿದೆ. ಶಿಶುವಿಹಾರದ ತಂತ್ರಾಂಶ ಎಲ್ಲಕ್ಕಿಂತ ಕಿರಿಯದಾದ್ದರಿಂದ ಅದಕ್ಕೆ ಮೆಮೊರಿ ಉಳಿದಿಲ್ಲ. ಅದರ ಪರೀಕ್ಷೆಯನ್ನು ಹಬ್ಬದ ನಂತರಕ್ಕೆ ಮುಂದೂಡಲಾಗಿದೆ.

೬. ಹೊರಗಿರುವ ತಾಯಂದಿರು ಸಹ ವಯಸ್ಸಿನ ಪ್ರಕಾರ ನಿಲ್ಲತಕ್ಕದ್ದು. ಮಕ್ಕಳು ಎಲ್ಲರಿಗಿಂತ ಕಿರಿಯರಾದ್ದರಿಂದ ಕಾಯತಕ್ಕದ್ದು. ಶಾಲೆಗೆ ಸೇರುವ ವಯಸ್ಸು ತುಂಬಿದ ಕೂಡಲೇ ಅವರ ಅರ್ಜಿ ತಾನಾಗಿಯೇ ಇತ್ಯರ್ಥವಾದಂತೆ ಭಾವಿಸಲಾಗುವುದು.

(ಸಹಿ/-)
ಎಸೆನ್‌ಕುಲ್
ಉಪನಿರ್ದೇಶಕರು ಹಾಗೂ ಹಿರಿಯರು

ಪ್ರತಿಗಳು:
೧. ‘ನೂರುಜ್ ಹಬ್ಬದ ಶುಭಾಶಯ’ ತಂತ್ರಾಂಶಕ್ಕೆ, ಕ್ಷಮಾಪಣೆಯೊಂದಿಗೆ.
೨. ಎಂಜಿನಿಯರ್ ಗುಲ್ಬುರಾ ಅವರಿಗೆ, ಮಾಹಿತಿಗಾಗಿ ಹಾಗೂ ಚಹಾ ತರುವುದಕ್ಕಾಗಿ.
೩. ತಾಯಂದಿರ ಗಮನಕ್ಕಾಗಿ ಹೊರಬಾಗಿಲಿಗೆ. ಈ ಹಾಳೆಗೆ ಹಿಮ ತಾಗದಂತೆ ಮೇಲೊಂದು ಮಾಡು ಕಟ್ಟಿಸುವುದು.