ಮಡಿಕೋಲಿನ ಮೇಲೊಂದು ಬ್ಯಾಗು

ಈ ದಿನ ನಾನು ಮಾಡಿದ ಕೆಲಸಗಳು: ನಳದಲ್ಲಿ ನೀರು ಬಂದಾಗ ಡ್ರಮ್ಮು ತುಂಬಿಸಿದೆ, ಹಾಲಿನ ಬಾಟಲಿ ತಂದೆ, ರೇಶನ್ ಅಕ್ಕಿಯ ಕಲ್ಲು ಆರಿಸಿದೆ, ಅತ್ತೆಯವರ ಮಡಿಸೀರೆಗೆ ತಾಗದಂತೆ ನಮ್ಮ ಬಟ್ಟೆ ಒಣಹಾಕಿದೆ, ಬೊರಿವಲಿಯಿಂದ ಲೋಕಲ್ ಹಿಡಿದು ದಾದರಿನಲ್ಲಿಳಿದು ಧಾರಾವಿಗೆ ಹೋಗಿ ಒಂದು ಬಾಟಲಿ ಕಪ್ಪು ಬಣ್ಣ ತಂದೆ. ಕೊನೆಯದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅತ್ತೆಯವರಿಗೆ ಹೇಳಿದ್ದೆ.

ಹೇಳದಿದ್ದುದಕ್ಕೆ ಕಾರಣ, ಬಣ್ಣ ಹಚ್ಚಬೇಕಾದದ್ದು ಚರ್ಮಕ್ಕೆ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆಯವರ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು 'ಮುಟ್ಟಬ್ಯಾಡ' ಎಂಬುದು. ಹೀಗಿರುವಾಗ ನನ್ನ ಹಳೆಯ ಬಿಸ್ಕತ್ತು ಬಣ್ಣದ ಚರ್ಮದ ಬ್ಯಾಗಿನ ಸುದ್ದಿ ತೆಗೆಯುವುದು ಹೇಗೆ? ಡಬ್ಬಿಯ ಪಲ್ಯದ ಎಣ್ಣೆ ಸೋರಿ ಅದರ ನುಣುಪು ಮೈಮೇಲೆ ಅಂಗೈಯಗಲ ಅರಿಶಿಣದ ಕಲೆ ಬಿದ್ದಿತ್ತು. ಮಗಳು ಸುಧಾ ಹೋದ ಸಲ ಟೈಪಿಸ್ಟ್ ಕೆಲಸದ ಇಂಟರ್‌ವ್ಯೂಗೆ ಅದನ್ನೇ ಒಯ್ದಿದ್ದಳು. ಕಲೆಯ ಮೇಲೆ ಕೈಯಿಟ್ಟುಕೊಂಡು ಕೂತವಳು, ಸರ್ಟಿಫಿಕೇಟು ಕೊಡಿ ಎಂದಾಗ ಕೈ ತೆಗೆಯಲಾರದೆ ತೊದಲಿದಳಂತೆ. ನಾಳೆ ಚರ್ಚ್‌ಗೇಟಿನಲ್ಲಿ ಮತ್ತೊಂದು ಇಂಟರ್‌ವ್ಯೂ. "ಆ ಬ್ಯಾಗ್ ಇದ್ರ ನಾ ಹೋಗೂದೇ ಇಲ್ಲವ್ವಾ" ಎಂದು ಕೂತಿದ್ದಳು.

ಧಾರಾವಿಯಲ್ಲಿ ಬ್ಯಾಗು ಹೊಲಿಯುವ ಹುಸೇನಸಾಬರು ವಿಜಾಪುರದ ಕಡೆಯವರು. "ಅಕ್ಕಾರ, ಮೊದ್ಲ ಸ್ಪಿರಿಟ್ ಹಾಕಿ ಹಳೇ ಪಾಲಿಶ್ ತಗೀರಿ. ಆಮ್ಯಾಲೆ ರಂಗ್ ಪತ್ಲಾ ಪತ್ಲಾ, ತೆಳ್ಳಗ ಹಚ್ಚಿ ನೆಳ್ಳಾಗ ಒಣಗಸ್ರಿ. ಕೈಗೆ ಪ್ಲಾಸ್ಟಿಕ್ ಕಟ್ಕೋರಿ, ಹತ್ತಿದ್ರ ಎಂಟು ದಿನ ಹೋಗಂಗಿಲ್ಲ" ಎಂದು ಹೇಳಿ ಕಳಿಸಿದರು.

ತಾಳ್ಮೆಯವಳೆಂದು ನಮ್ಮ ಬಿಲ್ಡಿಂಗಿನಲ್ಲಿ ನನಗೆ ಹೆಸರಿದೆ. ಆ ಹೆಸರನ್ನೇ ನೆಚ್ಚಿಕೊಂಡು, ಅತ್ತೆಯವರು ಮಧ್ಯಾಹ್ನ ಅಡ್ಡಾದ ಮೇಲೆ, ಗ್ಯಾಲರಿಯಲ್ಲಿ ಒದ್ದೆ ಚಾದರದ ಮರೆಗೆ ಕೂತೆ. ಸ್ಪಿರಿಟ್ಟಿನಲ್ಲಿ ಒರೆಸಿದೆ. ಕೈಗೆ ಪ್ಲಾಸ್ಟಿಕ್ ಕಟ್ಟಿ ಬಣ್ಣ ಹಚ್ಚಿದೆ. ತೆಳ್ಳಗಾಯಿತೆಂದು ಮತ್ತೆ ಹಚ್ಚಿದೆ, ಗೆರೆ ಕಂಡಿತೆಂದು ಗೆರೆಯ ಮೇಲೊಂದು ಗೆರೆ ಎಳೆದೆ. ಬ್ಯಾಗು ಮಳೆಯಲ್ಲಿ ನೆನೆದ ಎಮ್ಮೆಯಂತಾಯಿತು.

"ಏನ ಶಾಂತಾ, ದವಾಖಾನಿ ವಾಸನಿ? ಯಾರಿಗೆ ಸೂಜಿ ಚುಚ್ಚಲಿಕತ್ತೀ?"

ಚಾದರ ಸರಿಸಿ ಅತ್ತೆಯವರು ನಿಂತಿದ್ದರು. ಎಲ್ಲವನ್ನೂ ಒಪ್ಪಿಕೊಂಡೆ. ಅವರ ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ, ಬ್ಯಾಗಿನ ಮೇಲಿತ್ತು.

"ಹಿಂಗ ಸಾರಸ್ತಾರೇನ? ಹೊಸ್ತಿಲಾ ಹಿಂಗ ಸಾರ್ಸಿದ್ರ ನಮ್ಮತ್ತಿ ನನ್ನ ತವರಿಗೇ ಕಳಿಸ್ತಿದ್ಲು. ಒಂದ ದಿಕ್ಕಿಗೆ ಎಳೀಬೇಕು, ಹಸಿ ಇದ್ದಾಗ್ಲೇ ಮುಂದಿಂದು ಕೂಡಸ್ಬೇಕು. ಒಣಗಿದ ಮ್ಯಾಲೆ ತಿರುಗಿ ಬಂದ್ರ ಗೆರಿ ಬೀಳದ ಏನಾಗ್ತದ? ತಾ ಇಲ್ಲೆ."

"ಅತ್ತ್ಯಾ, ಅದು ಚರ್ಮರಿ!"

"ಕಣ್ಣು ಕಾಣ್ತಾವ ನನಗ. ಡ್ರಮ್ಮಿನಾಗ ನೀರದ, ಮೈ ತೊಳಕೊಂಡ್ರಾತು."

ನಲವತ್ತು ವರ್ಷ ಧಾರವಾಡದ ಮನೆಯ ನೆಲ ಸಾರಿಸಿದ ಕೈ ಅದು. ಬೊರಿವಲಿಯ ಟೈಲ್ಸಿನ ಮೇಲೆ ಅದಕ್ಕೆ ಕೆಲಸವೇ ಇರಲಿಲ್ಲ. ನನ್ನ ಗೆರೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ಅಳಿಸಿದರು. ಪ್ಲಾಸ್ಟಿಕ್ ಕೊಡಹೋದರೆ "ಕೈಗೆ ಗೊತ್ತಾಗಬೇಕು" ಎಂದು ಬಿಸಾಕಿ, ಬಟ್ಟೆ ಅದ್ದಿ ಒಂದೇ ಉಸಿರಿನಲ್ಲಿ ಎಳೆದರು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ತಿಳಿಯಲಿಲ್ಲ. ಕಲೆ ಹುಡುಕಿದರೂ ಸಿಗಲಿಲ್ಲ. ಇನ್ನು ಒಣಹಾಕಬೇಕು: ನೆರಳು ಬೇಕು, ಗಾಳಿ ಬೇಕು, ಯಾರ ಕೈಯೂ ತಾಗಬಾರದು. ನಮ್ಮ ಮನೆಯಲ್ಲಿ ಅಂಥ ಜಾಗ ಒಂದೇ. ಅತ್ತೆಯವರು ಮೇಲೆ, ಮಡಿಬಟ್ಟೆ ಒಣಹಾಕುವ ಕೋಲಿನತ್ತ ನೋಡಿದರು. ಆಮೇಲೆ ತಮ್ಮ ಮಡಿಸೀರೆ ಇಳಿಸಿ, ಮಡಿಕೋಲಿಗೆ ತಾವೇ ಬ್ಯಾಗು ತೂಗುಹಾಕಿ ಸ್ನಾನಕ್ಕೆ ಹೋದರು.

ಸಂಜೆ ಟೈಪಿಂಗ್ ಕ್ಲಾಸಿನಿಂದ ಬಂದ ಸುಧಾ ಮೊದಲು ಮೇಲೆ ನೋಡಿದಳು, ಆಮೇಲೆ ಅಜ್ಜಿಯ ಕೈ ನೋಡಿದಳು. ಹುಸೇನಸಾಬರ ಮಾತನ್ನು ನಾನು ಅವಳಿಗೆ ಹೇಳಿದೆ. "ಅಜ್ಜೀ, ಇದು ಎಂಟು ದಿನ ಹೋಗೂದಿಲ್ಲಂತ!"

"ನಂದಿರ್ಲಿ ಬಿಡು. ನಾಳೆ ಅವರು ಕಾಗದ ಕೇಳಿದ್ರ ನೀ ಎರಡೂ ಕೈಲೆ ಕೊಡು."

ರಾತ್ರಿ ಅನ್ನ, ಸಾರು, ಬದನೆಕಾಯಿ ಪಲ್ಯ. ಕಪ್ಪು ಕೈಯಿಂದ ಅನ್ನ ಮುಟ್ಟಲು ಅತ್ತೆಯವರಿಗೆ ಮನಸ್ಸಾಗಲಿಲ್ಲ, ಚಮಚ ಅವರಿಗೆ ಆಗದು. ಸುಧಾ ಕಲಸಿ ತುತ್ತು ಕೊಟ್ಟಳು, ಅವರು ಬಾಯಿ ತೆರೆದರು. ನಿದ್ದೆಯೇ ಬರುವುದಿಲ್ಲ ಎಂದಿದ್ದ ಸುಧಾಳೇ ಎಲ್ಲರಿಗಿಂತ ಮೊದಲು ಮಲಗಿದಳು. ಆಮೇಲೆ ಅತ್ತೆಯವರೂ ಸದ್ದಿಲ್ಲದಾದರು. ತಾಳ್ಮೆಗೆ ಹೆಸರಾದ ನಾನು, ಬಣ್ಣ ಒಣಗಿದೆಯೋ ಇಲ್ಲವೋ ಎಂದು ಮೆಲ್ಲನೆ ಎದ್ದು ಕೋಲಿನತ್ತ ಬೆರಳು ಚಾಚಿದೆ.

"ಶಾಂತಾ," ಎಂದರು ಅತ್ತೆಯವರು ಕಣ್ಣು ಮುಚ್ಚಿಕೊಂಡೇ, "ಮುಟ್ಟಬ್ಯಾಡ."