ನೆಟ್ಟಗಾದ ಸ್ಟಿಯರಿಂಗ್ ಕಾಲಂ ಅವರ ಸನ್ನಿಧಿಗೆ ಒಂದು ಅಹವಾಲು

ನಮ್ಮ ಹಳೆಯ ಕಾರಿನ ಮಾನ್ಯ ಸ್ಟಿಯರಿಂಗ್ ಕಾಲಂ ಮಹಾಶಯರೇ,

ಮೊದಲಿಗೆ ತಮ್ಮ ಪಾದಗಳಿಗೆ, ಅಂದರೆ ಬಾನೆಟ್ಟಿನೊಳಗೆ ಗ್ರೀಸು ಮೆತ್ತಿಕೊಂಡು ಕುಳಿತಿರುವ ಆ ಸ್ಟಿಯರಿಂಗ್ ಡಬ್ಬಿಗೆ, ಆಮೇಲೆ ತಮ್ಮ ಶಿರಸ್ಸಿಗೆ, ಅಂದರೆ ದಿವಂಗತ ಮಾವನವರ ಅಂಗೈ ಉಜ್ಜಿ ಉಜ್ಜಿ ನುಣುಪಾದ ಆ ದೊಡ್ಡ ಚಕ್ರಕ್ಕೆ, ನನ್ನ ನಮಸ್ಕಾರಗಳು. ನಾನು ಈ ಮನೆಯ ಅಳಿಯ, ಕನ್ನಡಕದ ಅಂಗಡಿ ಇಟ್ಟುಕೊಂಡವನು. ಯಾರ ಮೂಗಿನ ಮೇಲಾದರೂ ಕನ್ನಡಕ ಕೂದಲೆಳೆಯಷ್ಟು ಓರೆಯಾಗಿದ್ದರೆ ಅದನ್ನು ತೆಗೆಸಿ, ಬಗ್ಗಿಸಿ, ಮತ್ತೆ ಕೂರಿಸುವವರೆಗೆ ನನಗೆ ಅನ್ನ ಸೇರುವುದಿಲ್ಲ. ಇದನ್ನು ಮೊದಲೇ ತಿಳಿಸುತ್ತಿದ್ದೇನೆ, ಏಕೆಂದರೆ ನಮ್ಮಿಬ್ಬರ ಮನಸ್ತಾಪ ಹುಟ್ಟಿದ್ದೇ ಇಲ್ಲಿಂದ.

ಕಾಲಿನ ಮೂಳೆ ಮುರಿದುಕೊಂಡು, ಆಪರೇಷನ್ ಮುಗಿಸಿ, ದೊಡ್ಡ ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ನನ್ನ ಅತ್ತೆಯವರು ಭಾನುವಾರ ಮನೆಗೆ ಮರಳುವುದೆಂದು ನಿಶ್ಚಯವಾಗಿದ್ದುದು ತಮಗೆ ಗೊತ್ತೇ ಇತ್ತು. ಪಟ್ಟಿ ಬಿಗಿದ ಕಾಲನ್ನು ಮಡಚದೆ ಚಾಚಿ ಕೂರುವಷ್ಟು ಜಾಗ ಇರುವುದು ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಮಾತ್ರ. ಗೇರಿನ ಕಡ್ಡಿಯನ್ನು ನೆಲದಲ್ಲಿ ನೆಡಗೊಡದೆ ತಮ್ಮ ಕತ್ತಿಗೇ ಕಟ್ಟಿಕೊಂಡ ತಮ್ಮ ಔದಾರ್ಯಕ್ಕೆ ನಾವು ಋಣಿಗಳು. ಆಂಬುಲೆನ್ಸಿನ ಮಾತೆತ್ತಿದ್ದಕ್ಕೆ ಅತ್ತೆ, “ಅದರಲ್ಲಿ ಬಂದ್ರೆ ಬೀದಿಯವರೆಲ್ಲ ನಾನು ಹೋಗೇಬಿಟ್ಟೆ ಅಂದ್ಕೋತಾರೆ. ನಮ್ಮ ಕಾರು ಬಂದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲೇ ಇರ್ತೀನಿ,” ಎಂದು ಫೋನಿಟ್ಟರು. ಕಾರು ಓಡಿಸಬೇಕಾದವಳು ನನ್ನ ಹೆಂಡತಿ. ಆಕೆ ನನ್ನನ್ನು ಕರೆದು, ಸ್ಟಿಯರಿಂಗಿನ ಲೊಟಲೊಟ ಭಾನುವಾರದೊಳಗೆ ನಿಲ್ಲದಿದ್ದರೆ ಬಹಳ ದಿನದಿಂದ ಈ ಕಾರಿನ ಮೇಲೆ ಕಣ್ಣಿಟ್ಟಿರುವ ಹಲ್ಲಿನ ಡಾಕ್ಟರಿಗೆ ಮಾರಿಬಿಡುವುದೇ ಸರಿ ಎಂದಳು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅಪ್ಪನ ಕಾರನ್ನು ಮಾರುವುದು ಅವಳಿಗೆ ಬೇಕಿರಲಿಲ್ಲ.

ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಕಲೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ. ತಾವು ಟಕ್ ಎಂದಾಗ ನಾವು ಟೈರಿಗೆ ಗಾಳಿ ಹಾಕಿಸಿದೆವು. ಚಕ್ರ ಅಂಗೈಯಗಲ ತಿರುಗಿದರೂ ಕಾರು ಕದಲದಿದ್ದಾಗ ಕೆಳಗಿನ ಬಾಲ್ ಜಾಯಿಂಟು ಎಂಬ ಕೀಲುಗಳನ್ನು ಬೈದೆವು. ಏನು ಕೇಳಿದರೂ “ಆಮೇಲೆ ನೋಡೋಣ” ಎನ್ನುವುದರಿಂದ ಆಮೇಲೆ ಮೇಸ್ತ್ರಿ ಎಂದೇ ಹೆಸರಾದ ನಮ್ಮ ಮೆಕ್ಯಾನಿಕ್ ತಮ್ಮ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, ದೋಷ ಡಬ್ಬಿಯದು ಎಂದರು. ಡಬ್ಬಿಯ ಬೋಲ್ಟುಗಳನ್ನೆಲ್ಲ ಬಿಗಿದ ಮೇಲೂ ತಾವು ಟಕ್ ಎಂದಾಗ, ದೋಷ ರಸ್ತೆಯದು ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೊನೆಗೆ ತಮ್ಮನ್ನು ಪೂರ್ತಿ ಬಿಚ್ಚಿ ಮಲಗಿಸಿ ನೋಡಿದರೆ, ತಮ್ಮ ಕತ್ತಿನ ಒಳಗಿನ ಬುಷ್ ಎಂಬ ಬಳೆ ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಕಿತ್ತು ಉದುರುತ್ತಿತ್ತು. ಹೊಸ ಬುಷ್ ಹಾಕಿದೆವು, ಟಕ್ ನಿಂತಿತು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಆದರೆ ಕಾರು ನೇರ ಹೋಗುವಾಗಲೂ ತಮ್ಮ ಚಕ್ರದ ಅಡ್ಡಪಟ್ಟಿ ಎಡಕ್ಕೆ ವಾಲಿಕೊಂಡೇ ಇರುವುದನ್ನು ಮದುವೆಯಾದಂದಿನಿಂದ ನೋಡಿ ನೋಡಿ ಕಣ್ಣು ನೊಂದಿದ್ದ ನಾನು, ಹೇಗೂ ಚಕ್ರ ಕೈಯಲ್ಲೇ ಇದೆಯಲ್ಲ ಎಂದು, ಅದನ್ನು ತಮ್ಮ ತುದಿಯ ಕೆಲವು ಹಲ್ಲು ಆಚೆಗೆ ಸರಿಸಿ ನೆಟ್ಟಗೆ, ನೆಲದ ಸಮಕ್ಕೆ ಕೂರಿಸಿದೆ. ಎಂಥ ಚೆಲುವು! ಹೆಂಡತಿ ಬಂದು ಕೂತಳು, ಅಭ್ಯಾಸದಂತೆ ಚಕ್ರವನ್ನು ಎಡಕ್ಕೆ ವಾಲಿಸಿ ಹಿಡಿದಳು, ತಾವು ಆಜ್ಞಾಪಾಲಕರಾಗಿ ಎದುರುಮನೆಯವರ ಬೇಲಿಯೊಳಗೆ ನುಗ್ಗಿದಿರಿ. ಎದುರುಮನೆಯವರು ಹೊಟ್ಟೆಗೆ ಹಾಕಿಕೊಂಡರು, ಹೆಂಡತಿ ಹಾಕಿಕೊಳ್ಳಲಿಲ್ಲ. “ಅಪ್ಪ ಇಟ್ಟ ಜಾಗದಲ್ಲಿ ಅದು ಇಲ್ಲ ಕಣ್ರೀ. ಯಾರದೋ ಕಾರಲ್ಲಿ ಕೂತ ಹಾಗಾಯ್ತು. ಕೊಟ್ಟುಬಿಡಿ ಆ ಡಾಕ್ಟರಿಗೆ,” ಎಂದು ಒಳಗೆ ಹೋದಳು. ನನಗೆ ತಲೆ ಎತ್ತಲಾಗಲಿಲ್ಲ.

ಆದ್ದರಿಂದ ಅಂದೇ ತಮ್ಮಲ್ಲಿ ಕೆಲವು ವಿನಂತಿಗಳನ್ನು ಮಾಡಿಕೊಂಡಿದ್ದೆ, ತಾವು ಕಿವಿಗೆ ಹಾಕಿಕೊಳ್ಳಲಿಲ್ಲ: ನನ್ನ ಕಣ್ಣಿಗೆ ನೆಟ್ಟಗೂ ಆಕೆಯ ಕೈಗೆ ಓರೆಯಾಗಿಯೂ ತೋರುವ ಕೃಪೆ ಮಾಡಬೇಕು, ಅದಾಗದಿದ್ದರೆ ಊರಿನ ರಸ್ತೆಗಳನ್ನೆಲ್ಲ ಸ್ವಲ್ಪ ಎಡಕ್ಕೆ ಜರುಗಿಸಬೇಕು, ಅದೂ ಆಗದಿದ್ದರೆ ಮಾವನವರು ಎಷ್ಟು ಓರೆಯಾಗಿ ಇಟ್ಟಿದ್ದರೆಂಬುದನ್ನಾದರೂ ಬಾಯಿಬಿಟ್ಟು ಹೇಳಬೇಕು. ಆ ಅಳತೆ ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿಯನ್ನು ಕೇಳಿದರೆ, ಆಮೇಲೆ ನೋಡೋಣ ಎಂದರು.

ಕೊನೆಗೆ ಹೆಂಡತಿಯನ್ನು ಬೇಡಿಕೊಂಡು ಕರೆತಂದು, ಚಕ್ರವಿಲ್ಲದ ತಮ್ಮ ಎದುರು ಕೂರಿಸಿ, ಕಣ್ಣು ಮುಚ್ಚಿಕೊಂಡು ನೇರ ರಸ್ತೆಯಲ್ಲಿ ಹೋಗುತ್ತಿದ್ದೀನಿ ಅಂದುಕೋ ಎಂದೆ. ಆಕೆ ಬರೀ ಗಾಳಿಯಲ್ಲಿ ಎರಡೂ ಕೈ ಎತ್ತಿ ಹಿಡಿದಳು. ಎಡಗೈ ಕೆಳಗೆ, ಬಲಗೈ ಮೇಲೆ, ಒಂದಿಷ್ಟೂ ಅಳುಕಿಲ್ಲ. ಆ ಕೈಗಳ ನಡುವೆ ಚಕ್ರವನ್ನು ಮೆಲ್ಲಗೆ ತೂರಿಸಿ, ಹಲ್ಲಿಗೆ ಹಲ್ಲು ಕೂಡಿಸಿ, ನಟ್ಟು ಬಿಗಿದೆ. ನನ್ನ ವೃತ್ತಿಧರ್ಮಕ್ಕೆ ಎಳ್ಳುನೀರು ಬಿಟ್ಟು ನಾನು ಓರೆಯಾಗಿ ಕೂರಿಸಿದ ಮೊದಲ ವಸ್ತು ತಾವೇ, ಅದಕ್ಕಾಗಿ ತಮಗೆ ಅಭಿನಂದನೆಗಳು. ಆಕೆ ಬೀದಿ ಸುತ್ತಿ ಬಂದು ನನಗೆ ಕಾಫಿ ಮಾಡಿಕೊಟ್ಟಳು.

ಭಾನುವಾರ ಅತ್ತೆ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಮಹಾರಾಣಿಯಂತೆ ಕೂತರು. ಕಾರು ಹೊರಟಿತು. ಒಂದು ಗಳಿಗೆ ತಮ್ಮನ್ನೇ ದಿಟ್ಟಿಸಿ, ಹಿಂದೆ ಕೂತಿದ್ದ ನನ್ನ ಕಡೆ ತಿರುಗಿ, “ಅಲ್ಲಾ ಅಳಿಯಂದ್ರೇ, ಎಲ್ಲಾ ಬಿಚ್ಚಿ ರಿಪೇರಿ ಮಾಡಿದ್ರಂತೆ, ಈ ಡೊಂಕೊಂದನ್ನ ಯಾಕೆ ಬಿಟ್ರಿ? ಹೊಸದರಲ್ಲಿ ನೆಟ್ಟಗೇ ಇತ್ತು. ನಿಮ್ಮ ಮಾವ ಒಂದ್ಸಲ ಬಿಚ್ಚಿ ತಪ್ಪು ಹಾಕಿ, ಇದು ಇರೋದೇ ಹೀಗೆ ಅಂತ ಸಾಧಿಸಿದ್ರು. ಪಾಪ, ಬೇಜಾರು ಮಾಡ್ಕೋತಾರೆ ಅಂತ ನಾನು ಸುಮ್ಮನಿದ್ದೆ. ನೀವಾದ್ರೂ ಸರಿ ಮಾಡ್ತೀರಿ ಅಂದ್ಕೊಂಡಿದ್ದೆ,” ಎಂದರು. ನನ್ನ ಹೆಂಡತಿ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ತಮ್ಮ ಮೇಲೆ ತಲೆಯಿಟ್ಟು, ನಗುತ್ತಾ ನಗುತ್ತಾ ಅತ್ತುಬಿಟ್ಟಳು. ಅಪ್ಪ ಹೋದಾಗಲೂ ಅವಳು ಅಷ್ಟು ಅತ್ತಿರಲಿಲ್ಲ. ಅತ್ತೆ ಮಗಳ ಬೆನ್ನು ಸವರುತ್ತಿದ್ದರು.

ಈ ಓರೆಯನ್ನು ಹೀಗೆಯೇ ಉಳಿಸಿಕೊಂಡು ಹೋಗಬೇಕೆಂದು ಬೇಡುತ್ತಾ,

ತಮ್ಮ ಹಿಂದಿನ ಸೀಟಿನ ವಿಶ್ವಾಸಿ,
ಕನ್ನಡಕದ ಅಳಿಯ

ತಾಜಾ ಕಲಂ: ಕಾಲು ಗಟ್ಟಿಯಾದ ಮೇಲೆ ಕಾರನ್ನು ತಾನೇ ಓಡಿಸುವುದಾಗಿ ಅತ್ತೆ ಸಾರಿದ್ದಾರೆ. ಅವರು ಕಲಿತದ್ದು ತಾವು ನೆಟ್ಟಗಿದ್ದ ಕಾಲದಲ್ಲಿ. ಹೀಗಾಗಿ ತಾಯಿಗೆ ನೆಟ್ಟಗೆ, ಮಗಳಿಗೆ ಓರೆ ಎಂದು ದಿನವೂ ತಮ್ಮ ಕತ್ತು ಬಿಚ್ಚಿ ಕೂರಿಸುವ ಯೋಗ ನನ್ನ ಪಾಲಿಗೆ ಬರುವ ಹಾಗಿದೆ. ಯಾರದು ಸರಿ ಎಂದು ಇಬ್ಬರೂ ತಮ್ಮನ್ನು ಕೇಳಿದರೆ ಟಕ್ ಎಂದೂ ಅನ್ನಬೇಡಿ. ಈ ಮನೆಯಲ್ಲಿ ನಾನು ಇಷ್ಟು ವರ್ಷ ಬಾಳಿರುವುದು ಹಾಗೆಯೇ.