ಅಕ್ಕನ ಬಿ.ಪಿ.ಯೂ ನನ್ನ ಹುಳುಮನೆಯೂ

ತಪ್ಪು ಮಾಡಿದವನಿಗೆ ಅದು ತಪ್ಪೆಂದು ತಿಳಿದಾಗ ಮೊದಲು ನಾಚಿಕೆಯಾಗಬೇಕು. ನನಗೆ ಮೊದಲು ಆದದ್ದು ಸಂಭ್ರಮ. ಮದ್ದೂರಿನ ಡಾಕ್ಟರಮ್ಮನ ಎದುರು ಕೂತು, ನಮ್ಮಕ್ಕನ ಬಿ.ಪಿ.ಗೆ ನಾನೂ ಒಂದು ಕಾರಣವಿರಬಹುದೆಂದು ಕೇಳುತ್ತ, ಲಾಟರಿ ಹೊಡೆದವನಂತೆ ಕುರ್ಚಿಯ ತುದಿಗೆ ಬಂದಿದ್ದೆ. ನಾಚಿಕೆ ಆಮೇಲೆ ಬಂತು, ವಾಪಸು ನಿಡಘಟ್ಟಕ್ಕೆ ಹೊರಟ ಬಸ್ಸಿನಲ್ಲಿ.

ನಾವು ರೇಷ್ಮೆ ಹುಳು ಸಾಕುವವರು. ನಾನು ಓದಿದ್ದು ಏಳನೇ ಕ್ಲಾಸು. ಮಿಕ್ಕ ವಿದ್ಯೆಯನ್ನೆಲ್ಲ ಹುಳುಮನೆಯೇ ಕಲಿಸಿತು. ಕ್ರಿಮಿ ಕಂಡರೆ ಕೊಲ್ಲು, ಕಾಣದಿದ್ದರೂ ಕೊಲ್ಲು ಎಂಬುದು ಅಲ್ಲಿನ ಮೊದಲ ಪಾಠ. ಹೊಸ ಹುಳು ತರುವ ಮುಂಚೆ ಗೋಡೆ, ನೆಲ, ತಟ್ಟೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿಯ ನೀರು. ಒಳಗೆ ಬರುವವರು ಯಾರೇ ಆಗಲಿ, ಆ ನೀರಿನಲ್ಲಿ ಕಾಲು ಅದ್ದಿಯೇ ಬರಬೇಕು. ನನ್ನ ಮಗಳನ್ನು ನೋಡಲು ಮಳವಳ್ಳಿಯಿಂದ ಬಂದ ಹಿರಿಯರೊಬ್ಬರನ್ನೂ ಬಿಡಲಿಲ್ಲ. ಅವರ ಹೊಸ ಪಂಚೆಯ ಕೆಂಪಂಚು ಬೆಳ್ಳಗಾಯಿತು. ಆ ಸಂಬಂಧವೂ ಬಣ್ಣಗೆಟ್ಟಿತು.

ಇದೇ ವಿದ್ಯೆಯನ್ನು ಅಕ್ಕನ ಮೇಲೂ ತೋರಿಸಿದೆ. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಗಿದ್ದಾಳೆ. ಹುಳುಗಳಿಗೆ ಸೊಪ್ಪು ಹಾಕುವವಳು ಅವಳೇ. ಅವಳು ಒಂದು ಸಲ ಸೀನಿದರೆ ಸಾಕು, ನಾನು ಮೆಡಿಕಲ್ ಶಾಪಿಗೆ ಓಡುತ್ತಿದ್ದೆ. ಡಾಕ್ಟರ ಚೀಟಿಯಿಲ್ಲದೆಯೇ ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿಸುತ್ತಿದ್ದೆ. "ತಮ್ಮ ಅಂದ್ರೆ ಇಂಗಿರ್ಬೇಕು ಕಣಮ್ಮ" ಎಂದು ಕೇರಿಯ ಹೆಂಗಸರು ಕೊಂಡಾಡುತ್ತಿದ್ದರು. ನಾನೂ ಒಪ್ಪಿಕೊಂಡಿದ್ದೆ. ನಿಜ ಹೇಳಿಬಿಡುತ್ತೇನೆ: ಅಕ್ಕ ಮಲಗಿದರೆ ಸೊಪ್ಪು ಹಾಕುವ ಕೆಲಸ ನನ್ನ ತಲೆಗೆ ಬರುತ್ತಿತ್ತು. ಬಗ್ಗಿ ಮಾಡುವ ಕೆಲಸವೆಂದರೆ ನನಗೆ ಮೊದಲಿಂದಲೂ ಆಗದು.

ದಿನಾ ಬಿ.ಪಿ. ಮಾತ್ರೆ ನುಂಗುತ್ತಿದ್ದರೂ ಅಕ್ಕನ ಬಿ.ಪಿ. ಏರಿದ್ದು ಇಳಿಯಲಿಲ್ಲವೆಂದು ಅವಳನ್ನು ಮದ್ದೂರಿಗೆ ಕರೆದುಕೊಂಡು ಹೋದೆ. ಬೇರೆ ಯಾವ ಮಾತ್ರೆ ತಗೊಳ್ತೀರಿ ಎಂದು ಡಾಕ್ಟರಮ್ಮ ಕೇಳಿದರು.

"ಯಾವ್ದು ಅಂತ ನಂಗೇನ್ ಗೊತ್ತವ್ವ? ಇವ್ನು ತಂದ್ಕೊಟ್ಟಿದ್ದ ನುಂಗ್ತೀನಿ" ಎಂದಳು ಅಕ್ಕ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೋಡಪ್ಪ, ಕರುಳಲ್ಲಿ ಒಳ್ಳೇ ಬ್ಯಾಕ್ಟೀರಿಯಾನೂ ಇರ್ತವೆ. ನಾವು ತಿನ್ನೋ ಸೊಪ್ಪು ಕಾಳಿನ ನಾರಿನಿಂದ ಅವು ಮಾಡೋ ಕೆಲವು ಪದಾರ್ಥ ರಕ್ತನಾಳಕ್ಕೆ ಒಳ್ಳೇದು ಅಂತಾರೆ. ಆಂಟಿಬಯೋಟಿಕ್ ಕೊಟ್ರೆ ಅವೂ ಸಾಯ್ತವೆ. ಇಲಿಗಳ ಮೇಲೆ ನೋಡಿದ್ದಾರೆ. ಒಂದು ತಳಿಗೆ ಬಿ.ಪಿ. ಏರ್ತು, ಇನ್ನೊಂದು ತಳಿಗೆ ಇಳೀತು. ಮನುಷ್ಯರಲ್ಲಿ ಏನಾಗುತ್ತೆ ಅಂತ ಇನ್ನೂ ಖಚಿತ ಇಲ್ಲ."

ತಳಿ! ಒಂದೇ ತೋಟದ ಸೊಪ್ಪು ತಿಂದು ಒಂದು ತಳಿ ಹಳದಿ ಗೂಡು ಕಟ್ಟುವುದನ್ನೂ ಇನ್ನೊಂದು ಬಿಳಿ ಗೂಡು ಕಟ್ಟುವುದನ್ನೂ ಕಂಡವನು ನಾನು. ನನಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು? "ನಮ್ಮಕ್ಕ ಯಾವ ತಳಿ ಡಾಕ್ಟ್ರಮ್ಮ?" ಎಂದೆ.

"ನೀನ್ಯಾವ್ ತಳಿನೋ ನಾನೂ ಅದೇ ಕಣ್ಲಾ!" ಎಂದಳು ಅಕ್ಕ. "ನನ್ನೊಟ್ಟೆನೂ ನಿನ್ನುಳುಮನೆ ಅಂದ್ಕಂಡ್ಯೇನ್ಲಾ, ಬ್ಲೀಚಿಂಗ್ ಒಡ್ಯಾಕೆ?"

ನನ್ನ ಉತ್ಸಾಹ ತಗ್ಗಲಿಲ್ಲ. "ಅಂಗಾದ್ರೆ ಬಿ.ಪಿ. ಮಾತ್ರೆ ನಿಲ್ಸಿ, ಮೊಸರು ಕುಡ್ಸಿ, ಒಳ್ಳೇ ಕ್ರಿಮಿಗಳ್ನ ಒಳಕ್ಕೆ ಬುಟ್ಬುಡ್ತೀನಿ!"

ಡಾಕ್ಟರಮ್ಮ ಮೇಜು ಕುಟ್ಟಿದರು. "ಬಿ.ಪಿ. ಮಾತ್ರೆ ಒಂದಿನಾನೂ ನಿಲ್ಲಿಸ್ಬಾರ್ದು! ನಿಲ್ಲಿಸ್ಬೇಕಾಗಿರೋದು ನಿನ್ನ ಡಾಕ್ಟರಿಕೆ. ನೆಗಡಿಗೆ ಆಂಟಿಬಯೋಟಿಕ್ ಕೆಲ್ಸಾನೇ ಮಾಡಲ್ಲ. ಬೇಕಾದಾಗ ನಾನು ಬರ್ಕೊಡ್ತೀನಿ. ನೆಗಡಿ ಕೆಮ್ಮು ಬಂದ್ರೆ ಆಯಮ್ಮಂಗೆ ರೆಸ್ಟು ಕೊಡು."

ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆಯಿಟ್ಟು ನಿದ್ದೆಹೋದಳು. ಹಗಲು ಹೊತ್ತಿನಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಈ ಸಲ ಹುಳುಗಳು ದೊಡ್ಡವಾಗಿ, ಮಳೆ ಸುರಿದಂತೆ ಸದ್ದುಮಾಡುತ್ತ ಸೊಪ್ಪು ಮೇಯುವ ಹೊತ್ತಿಗೆ ಸರಿಯಾಗಿ ಅಕ್ಕನಿಗೆ ಕೆಮ್ಮು ಬಂತು. ನಾನು ಮೆಡಿಕಲ್ ಶಾಪಿಗೆ ಓಡಲಿಲ್ಲ. ಅವಳನ್ನು ಜಗಲಿಯ ಮೇಲೆ ಕೂರಿಸಿ, ನಾನೇ ಸೊಂಟ ಬಗ್ಗಿಸಿದೆ. "ಒತ್ತೊತ್ತಾಗಿ ಆಕ್ಬೇಡ ಕಣ್ಲಾ, ಉಸುರ್ ಕಟ್ತವೆ!" ಎಂದು ಅಲ್ಲಿಂದಲೇ ಅಪ್ಪಣೆ. ಊರಿನ ಆಶಾ ಕಾರ್ಯಕರ್ತೆ ಬಂದು ನೋಡಿದಾಗ ಬಿ.ಪಿ. ಇಳಿದಿತ್ತು! ಮಾತ್ರೆಯಿಂದಲೋ, ಡಾಕ್ಟರಮ್ಮ ಹೇಳಿದಂತೆ ಉಪ್ಪು ಕಡಿಮೆ ಮಾಡಿದ್ದರಿಂದಲೋ, ಕರುಳಿನವರು ಚೇತರಿಸಿಕೊಂಡಿದ್ದರಿಂದಲೋ ಯಾರಿಗೆ ಗೊತ್ತು? ನಾನಂತೂ ಕುಣಿದಾಡಿದೆ, ಕುಣಿಯುವಷ್ಟು ಸೊಂಟ ಉಳಿದಿದ್ದ ಮಟ್ಟಿಗೆ.

ನಿನ್ನೆ ಹುಳುಮನೆಯೊಳಗಿದ್ದಾಗ ಜಗಲಿಯಲ್ಲಿ ಅಕ್ಕ ಪಕ್ಕದ ಮನೆಯವಳೊಡನೆ ಗಟ್ಟಿಯಾಗಿ ನಗುತ್ತಿದ್ದಳು. ನಾನು ಹೊರಗೆ ಬಂದದ್ದೇ ತಡ, ಎರಡು ಸಲ ಕೆಮ್ಮಿದಳು.

"ಇನ್ನೂ ವಾಸಿಯಾಗಿಲ್ವೇನಕ್ಕ?"

"ಎಲ್ಲಿ ವಾಸಿ, ಬುಡ್ಲಾ..." ಎಂದು ಇನ್ನೊಂದು ಸಲ ಕೆಮ್ಮಿದಳು.

ಆ ಕೆಮ್ಮು ನಿಜವೋ ಸುಳ್ಳೋ ಎಂದು ಕೇಳುವ ಬಾಯಿ ನನಗಿಲ್ಲ. ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದೆ.